ದಡದಲ್ಲಿ ನಿಂತವರು

ಈ ಮನುಷ್ಯನಿಗೆ ಹೆಂಗಸಿನ ಭುಜ ಬರೆಯಲೂ ಬರುತ್ತಿರಲಿಲ್ಲ ಎಂದುಕೊಂಡು ಅವಳು ಹತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿದಳು.

ಮೇಜಿನ ಮೇಲಿದ್ದದ್ದು ಸರೋವರದ ಚಿತ್ರ. ಮಂಜು, ಬೆಟ್ಟದ ನೆರಳು, ಬರಿದೋ ಬರಿದು ನೀರು. ಬಲಗಡೆಯ ದಡದಲ್ಲಿ ಶಾಲು ಹೊದ್ದು, ನೋಡುವವರಿಗೆ ಬೆನ್ನು ಹಾಕಿ ನಿಂತ ಒಂದೇ ಒಂದು ಆಕೃತಿ. ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳನ್ನು ತೊಳೆದು ಸರಿಪಡಿಸುವುದು ಅವಳ ಇಪ್ಪತ್ತು ವರ್ಷದ ಕೆಲಸ. ಈ ಚಿತ್ರ ಬರೆದವನು ಅವಳ ಅಪ್ಪ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳೂ ಬಾಯಿ ಬಿಟ್ಟಿರಲಿಲ್ಲ.

ಅವಳಿಗೆ ನಾಲ್ಕು ವರ್ಷವಿದ್ದಾಗ ಅಪ್ಪ ಬಿಟ್ಟುಹೋದ. ಅಮ್ಮ ಹಾಗೆ ಹೇಳಿದ್ದು ಒಂದೇ ಸಲ, ಒಂದೇ ವಾಕ್ಯದಲ್ಲಿ. ಆಮೇಲೆ ಆ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಕಳೆದ ವರ್ಷ, ಅಮ್ಮ ತೀರಿಕೊಂಡು ಕೆಲವೇ ತಿಂಗಳಿಗೆ, ಆಸ್ಪತ್ರೆಯೊಂದರಿಂದ ಫೋನ್ ಬಂತು.

"ನಿಮ್ಮ ತಂದೆ ನಿಮ್ಮನ್ನ ನೋಡ್ಬೇಕು ಅಂತಿದ್ದಾರೆ."

"ನನಗೆ ಅಪ್ಪ ಇಲ್ಲ" ಎಂದು ಇಟ್ಟುಬಿಟ್ಟಳು. ಮೂರನೆಯ ದಿನ ಅವನ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಎಂದಿನಂತೆ ಕೆಲಸಕ್ಕೆ ಬಂದಳು. ಅಂದಿನಿಂದ ಊಟಕ್ಕೆ ಯಾರ ಜೊತೆಗೂ ಕೂರುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಲೂ ಇಲ್ಲ.

ಮೇಲ್ವಿಚಾರಕರು ಚೀಟಿ ಹಿಡಿದು ಬಂದರು. "ಗೋಡೆಗೆ ಹಾಕೋ ವಿವರಣೆ ಬರೆದಿದ್ದೀನಿ, ಕೇಳಿ. 'ಕೈಬಿಟ್ಟ ಹೆಂಡತಿಯ ಒಂಟಿತನ. ಕಲಾವಿದನ ತಪ್ಪೊಪ್ಪಿಗೆ.' ಹೇಗಿದೆ?"

"ಒಪ್ಪಿಕೊಂಡ್ರೆ ಮುಗೀತಾ ಸರ್?"

"ಸತ್ತವರ ಮೇಲೆ ನಿಮಗ್ಯಾಕಮ್ಮ ಇಷ್ಟು ಸಿಟ್ಟು? ಪಾಪ, ಆಮೇಲೆ ಇನ್ನೊಂದು ಮದುವೆನೂ ಆಗ್ಲಿಲ್ಲವಂತೆ" ಎಂದು ನಕ್ಕು ಹೊರಟುಹೋದರು.

ಅವಳು ಮತ್ತೆ ಬಗ್ಗಿದಳು. ಹತ್ತಿ ಕಂದುಬಣ್ಣಕ್ಕೆ ತಿರುಗಿತು, ಹಳೆಯ ವಾರ್ನಿಷ್ ಪದರ ಪದರವಾಗಿ ಬಿಟ್ಟುಕೊಂಡಿತು. ಆಕೃತಿಯ ಕೆನ್ನೆಯಂಚು ತಿಳಿಯಾದಾಗ ಅವಳ ಕೈ ನಿಂತಿತು. ಅಲ್ಲಿ ಗಡ್ಡವಿತ್ತು, ಪತ್ರಿಕೆಯ ಫೋಟೋದಲ್ಲಿ ಕಂಡ ಅದೇ ಗಡ್ಡ.

ಹೆಂಗಸಲ್ಲ. ಅವನೇ.

ಅವಳಿಗೆ ಮೈಯೆಲ್ಲ ಉರಿಯಿತು. ಬಿಟ್ಟುಹೋಗಿದ್ದೂ ತಾನೇ, ದಡದಲ್ಲಿ ನಿಂತು ಮರುಕ ಗಿಟ್ಟಿಸಿಕೊಳ್ಳುವುದೂ ತಾನೇ! ಇವತ್ತೇ ಈ ಕೆಲಸ ಮುಗಿಸಿ ಕೈ ತೊಳೆದುಕೊಳ್ಳಬೇಕೆಂದು ಚೌಕಟ್ಟನ್ನು ಕಳಚಿದಳು.

ಕ್ಯಾನ್ವಾಸಿನ ಎಡಭಾಗ ಒಂದು ಗೇಣಿನಷ್ಟು ಹಿಂದಕ್ಕೆ ಮಡಚಿಕೊಂಡಿತ್ತು. ಯಾರೋ ಹಳೆಯ ಮಾಲೀಕರು ತಮ್ಮ ಚೌಕಟ್ಟಿಗೆ ಹೊಂದಲೆಂದು ಮಡಚಿ ಮೊಳೆ ಹೊಡೆಸಿದ್ದರು. ಅವಳು ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಮಡಿಕೆಯನ್ನು ಮೆಲ್ಲಗೆ ಬಿಡಿಸಿದಳು. ಬೆಳಕು ಕಾಣದ ಆ ಪಟ್ಟಿಯಲ್ಲಿ ಬಣ್ಣ ನಿನ್ನೆ ಮೊನ್ನೆ ಹಚ್ಚಿದಂತಿತ್ತು.

ಆಚೆ ದಡದತ್ತ ಸಾಗುತ್ತಿದ್ದ ದೋಣಿಯಲ್ಲಿ ಅಮ್ಮ ಅವನಿಂದ ಮುಖ ತಿರುಗಿಸಿ ಕುಳಿತಿದ್ದಳು. ಅವಳ ತೋಳಿನ ಬಿಗಿಹಿಡಿತದಲ್ಲಿದ್ದ ಪುಟ್ಟ ಹುಡುಗಿ ಅಪ್ಪನ ಕಡೆಗೆ ಎರಡೂ ಕೈ ಚಾಚಿದ್ದಳು.