ಶಿಷ್ಯನ ಜೇಬು

ಲೈನ್‌ಮ್ಯಾನ್ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆ ತಳ್ಳೇಬಿಟ್ಟ. ಕಂಬದ ತುದಿಯಲ್ಲಿ ಅವನ ಶಿಷ್ಯ ಬರಿಗೈಯಲ್ಲಿ ತಂತಿ ಹಿಡಿದಿದ್ದ. ತಾನು ಮದುವೆಯಾಗಬೇಕೆಂದಿದ್ದ ಕ್ಯಾಂಟೀನಿನವಳು ಬೆಳಿಗ್ಗೆ ಇದೇ ಶಿಷ್ಯನ ಕಾಲರ್ ಸರಿಮಾಡಿ ನಕ್ಕಿದ್ದನ್ನು ಕಂಡಾಗಿನಿಂದ ಮೇಸ್ತ್ರಿಯ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಚೀರಾಟ ಕೇಳಿಸಲಿಲ್ಲ. ಮೇಲಿಂದ ಸಿಳ್ಳೆ ಹಾಡು ಕೇಳಿಸಿತು. ಮೇಸ್ತ್ರಿ ಹಿಡಿಯನ್ನು ಕೆಳಗೆಳೆದು ಪೆಟ್ಟಿಗೆಯೊಳಗೆ ನೋಡಿದ; ಫ್ಯೂಸ್ ಇರಬೇಕಾದ ಜಾಗ ಖಾಲಿಯಿತ್ತು. "ಲೋ, ಫ್ಯೂಸ್ ಎಲ್ಲೋ?"

"ನನ್ನ ಹತ್ರಾನೇ ಇದೆ ಮೇಸ್ತ್ರಿ," ಶಿಷ್ಯ ಅಂಗಿಯ ಜೇಬು ತಟ್ಟಿದ. "ನೀವೇ ಹೇಳಿಕೊಟ್ಟಿದ್ದಲ್ವಾ? ಕಂಬ ಹತ್ತೋಕೆ ಮುಂಚೆ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೋ, ಕೆಳಗಿರೋನನ್ನ ನಂಬಬೇಡ, ಅವನು ನಾನೇ ಆಗಿದ್ರೂ ಸರಿ ಅಂತ!"

ಹೋದ ಜೀವ ಬಂದವನಂತೆ ಮೇಸ್ತ್ರಿ ಅಲ್ಲೇ ಕೂತ.

"ಇನ್ಮೇಲೂ ಹಾಗೇ ಮಾಡು ಮಗಾ," ಎಂದ.