ಇದ್ದಿಲು ಮೂಟೆಗೆ ಹೇಳಿದ ಮಾತು

ಆ ಊರಿನ ಚಳಿಯಲ್ಲಿ ಬಾಯಿಂದ ಹೊರಟ ಮಾತು ಹಬೆಯ ಹಾಗೆ ಹೋಗಿ ಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಬಿಸಿ ತಾಗಿದರೆ ಬಿಟ್ಟುಕೊಂಡು ಮತ್ತೆ ಕೇಳಿಸುತ್ತಿತ್ತು. ನುಣುಪಾದ ಸ್ಟೀಲ್ ಚೊಂಬಿಗೆ ಒಂದು ಕೆಮ್ಮು ಅಂಟಿದರೆ ಹೆಚ್ಚು. ಮೈತುಂಬ ತೂತಿರುವ ಇದ್ದಿಲಿಗೋ, ಇಡೀ ಸಂತೆಯ ಗಲಾಟೆ ತುಂಬಿದರೂ ಇನ್ನಷ್ಟು ಜಾಗ ಉಳಿಯುತ್ತಿತ್ತು.

ಇಸ್ತ್ರಿ ಅಂಗಡಿಯ ತಿಪ್ಪೇಶನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಚಳಿಗಾಲವಿಡೀ ಬೆಳಗಾದರೆ ಇದ್ದಿಲು ಮೂಟೆಗೆ ಬಾಯಿ ಒತ್ತಿ, ಎದುರು ಅಂಗಡಿಯ ಟೈಲರ್ ಹಾಲಮ್ಮನಿಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದ್ದ. ಆ ಮೂಟೆಯನ್ನು ಮುಟ್ಟದೆ ಮೂಲೆಯಲ್ಲಿ ಬಚ್ಚಿಟ್ಟಿದ್ದ. ಇವತ್ತು ಬೇರೆ ಇದ್ದಿಲೆಲ್ಲ ಮುಗಿದಿತ್ತು. ಅಷ್ಟರಲ್ಲಿ ಹಾಲಮ್ಮನೇ ರವಿಕೆ ಹಿಡಿದು ಬಂದಳು.

“ತಿಪ್ಪೇಶಣ್ಣ, ಮದುವೆ ಮನೇರು ಕಾಯ್ತಾ ಕುಂತಾರೆ. ಬೇಗ ಇಸ್ತ್ರಿ ಹಾಕ್ಕೊಡು.”

“ಇದ್ದಿಲು ಹಸಿ ಆಗೈತೆ. ನಾಳೆ ಬಾ.”

“ಒಣಗಿ ಗರಿಗರಿ ಅಂತೈತೆ. ಈ ಚಳೀಲಿ ನೀನ್ಯಾಕೆ ಬೆವರ್ತಿದೀಯ?”

ಅವಳೇ ಆ ಮೂಟೆಯಿಂದ ಇಸ್ತ್ರಿ ಪೆಟ್ಟಿಗೆಗೆ ಒಂದು ಹಿಡಿ ತುಂಬಿ, ಕಿಡಿ ತಾಗಿಸಿ ಊದಿದಳು. ತಿಪ್ಪೇಶ ಜೋರಾಗಿ ಕೆಮ್ಮಿದ, ಬಕೆಟ್ ಒದ್ದ, ರೇಡಿಯೊ ಹಾಕಿದ. ಪೆಟ್ಟಿಗೆ ಕಾದಂತೆ ಅವನ ದನಿಯೇ ಎಲ್ಲಕ್ಕಿಂತ ಮೇಲೆದ್ದಿತು.

“ಹಾಲಮ್ಮ, ನಂಗೆ... ಅಲ್ಲ, ಹಿಂಗಲ್ಲ. ಹಾಲಮ್ಮ, ನಿನ್ನ ಮಿಷಿನ್ ಸದ್ದು ಕೇಳ್ದಿದ್ರೆ ನಂಗೆ ಕೈನೇ ಓಡಲ್ಲ. ಅದ್ಕೇ ಕೇಳ್ತೀನಿ, ನೀನು ನನ್ನ...”

ಆ ಹಿಡಿಯಲ್ಲಿದ್ದ ಮಾತು ಅಷ್ಟಕ್ಕೇ ಮುಗಿಯಿತು. ತಿಪ್ಪೇಶ ಓಡಿಹೋಗಲು ಹಿಂಬಾಗಿಲು ಹುಡುಕಿದ. ಅವನ ಅಂಗಡಿಗೆ ಹಿಂಬಾಗಿಲೇ ಇರಲಿಲ್ಲ.

ಹಾಲಮ್ಮ ರವಿಕೆಯನ್ನು ಬದಿಗಿಟ್ಟು, ರೇಡಿಯೊ ಆರಿಸಿ, ಸ್ಟೂಲೆಳೆದು ಕೂತಳು.

“ಮದುವೆ ಮನೇರು ಕಾಯ್ಲಿ ಬಿಡು, ತಿಪ್ಪೇಶ. ಇನ್ನೊಂದ್ ಹಿಡಿ ಹಾಕು.”