ಇನ್ನೊಂದು ಪಿಂಡ

ಕ್ಷೌರದ ಕತ್ತಿ ತಲೆಯ ಮೇಲೆ ಓಡುತ್ತಿದ್ದಾಗ ಗಣಪತಿ ಕೇಳಿದ, "ಅಣ್ಣಾ, ಯಾರು ಸತ್ರು?"

ಕೇದಾರ ಘಾಟಿನ ಮೆಟ್ಟಿಲುಗಳು ಕೆಳಗಿಳಿಯುತ್ತ ಮಂಜಿನೊಳಗೆ ಇಲ್ಲವಾಗಿದ್ದವು. ನದಿ ಕಾಣುತ್ತಿರಲಿಲ್ಲ, ಹುಟ್ಟು ನೀರಿಗೆ ಬೀಳುವ ಸದ್ದು ಆಕಾಶದಿಂದ ಬಂದಂತೆ ಕೇಳುತ್ತಿತ್ತು. ಗಣಪತಿಗೆ ವಯಸ್ಸು ಮೂವತ್ತು, ಬುದ್ಧಿ ಆರು ವರ್ಷದ್ದು. ತಲೆ ಬೋಳಿಸುವುದು ಮನೆಯಲ್ಲಿ ಸಾವಾದಾಗ ಎಂಬುದಷ್ಟು ಅವನಿಗೆ ಗೊತ್ತು. ಅಪ್ಪ ಹೋದಾಗ ಇದೇ ಮೆಟ್ಟಿಲ ಮೇಲೆ ಬೋಳಿಸಿದ್ದರು. ಈ ಸಲ ಜುಟ್ಟನ್ನೂ ಉಳಿಸಲಿಲ್ಲ.

"ಯಾರೂ ಸತ್ತಿಲ್ಲ ಕಣೋ," ಅಂದ ಅಣ್ಣ ವಾಸುದೇವ. ಊರಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವುದು ಅವನ ಕಸುಬು. ಪಿಂಡ ಕಟ್ಟಿಕೊಡುವುದು ತಮ್ಮನ ಕೆಲಸ.

"ಅಮ್ಮ?"

"ಅಮ್ಮ ಮನೇಲಿ ನಿನಗೋಸ್ಕರ ಜಪ ಮಾಡ್ತಾ ಕೂತಿದಾಳೆ. ಡಾಕ್ಟ್ರು ನಿನ್ನ ತಲೆಯೊಳಗೆ ಏನೋ ಸರಿ ಮಾಡ್ತಾರೆ. ಬುದ್ಧಿ ಬರತ್ತೆ, ಮಂತ್ರ ಬರತ್ತೆ. ನಾನು ಹೋದಮೇಲೆ ನಿನ್ನನ್ನ ಯಾರು ನೋಡ್ಕೋತಾರೋ?"

ಡಾಕ್ಟರು ಎರಡು ಮೆಟ್ಟಿಲು ಮೇಲೆ ಉಣ್ಣೆಯ ಕೋಟಿನಲ್ಲಿ ಕೈ ತುರುಕಿ ನಿಂತಿದ್ದರು. ಕನ್ನಡದವರೇ. ವಿಲಾಯಿತಿಯಲ್ಲಿ ಓದಿ ಬಂದು ಘಾಟಿನ ಹತ್ತಿರದ ಸೋನಾರ್‌ಪುರದಲ್ಲಿ ಸ್ವಂತ ಆಸ್ಪತ್ರೆ ತೆರೆದವರು. ಈ ಆಪರೇಷನ್ ಇದುವರೆಗೆ ಆಗಿದ್ದು ಕೋತಿಗಳಿಗೆ ಮಾತ್ರ. ಬುದ್ಧಿ ಹೆಚ್ಚಿಸುತ್ತೇನೆ ಬನ್ನಿ ಎಂದರೆ, ಬುದ್ಧಿ ಇದ್ದವನೊಬ್ಬನೂ ತಲೆ ಕೊಟ್ಟಿರಲಿಲ್ಲ. ಹಾಗಾಗಿ ಗಣಪತಿ ಸಿಕ್ಕ. ಅವನನ್ನು ಯಾರು ಕೇಳಬೇಕು?

"ಕೋತಿಗೆ ಬುದ್ಧಿ ಬಂತಾ?" ಗಣಪತಿಯೇ ಡಾಕ್ಟರನ್ನು ಕೇಳಿದ.

"ಬಂತಲ್ಲಪ್ಪ! ಪಂಜರದ ಚಿಲಕ ತೆಗೆಯೋದನ್ನ ತಾನೇ ಕಲಿತುಬಿಡ್ತು."

"ತೆಗೆದು ಎಲ್ಲಿಗೆ ಹೋಯ್ತು?"

ಡಾಕ್ಟರು ಗಡಿಯಾರ ನೋಡಿಕೊಂಡರು. "ನಡೀರಿ ಭಟ್ಟರೇ, ಹೆದರಬೇಡಿ. ನಿಮಗೆ ಹೊಸ ಮನುಷ್ಯನನ್ನೇ ವಾಪಸ್ ಕೊಡ್ತೀನಿ."

"ಹಳಬ?" ಅಂದ ಗಣಪತಿ.

"ಹಿಲೋ ಮತ್, ಭೈಯಾ," ಎಂದು ಕ್ಷೌರಿಕ ಅಲುಗಿದ ತಲೆಯನ್ನು ಹಿಡಿದು ನೇರ ಮಾಡಿದ.

ಕ್ಷೌರ ಮುಗಿಯಿತು. ಗಣಪತಿ ಮಡಿಲ ಕೂದಲು ಕೊಡವಿಕೊಂಡು ಎದ್ದ. ನಿದ್ದೆಯಲ್ಲಿ ನಡೆಯುವವನ ಹಾಗೆ ಇಳಿದು ಹೋಗಿ ಮುಳುಗಿ ಬಂದ. ಯಾತ್ರಿಕರಿಗೆಂದು ತಾಮ್ರದ ತಟ್ಟೆಯಲ್ಲಿ ನಾದಿಟ್ಟ ಹಿಟ್ಟಿತ್ತು. ಅದರಿಂದ ಒಂದು ಹಿಡಿ ಮುರಿದು ಉಂಡೆ ಕಟ್ಟಿದ. ಎಷ್ಟೋ ಮನೆಗಳ ಸತ್ತವರಿಗೆ ಕಟ್ಟಿದ್ದ ಕೈ. ಉಂಡೆಯಲ್ಲಿ ಒಂದೂ ಬಿರುಕಿರಲಿಲ್ಲ. ದರ್ಭೆ ಹಾಸಿ ಅದರ ಮೇಲಿಟ್ಟ. ಎಳ್ಳು ಹಿಡಿದುಕೊಂಡು ಕೂತ.

"ಹೇಳಣ್ಣಾ."

"ಏನೋ ಹೇಳೋದು?"

"ಮಂತ್ರ. ನಂಗೆ ಬರಲ್ವಲ್ಲ. ಹೆಸರು ಗಣಪತಿ. ಗೋತ್ರ ನಿನಗೆ ಗೊತ್ತು."

"ಥೂ ಹುಚ್ಚಾ! ಬದುಕಿರೋನಿಗೆ ಪಿಂಡ ಇಡ್ತಾರೇನೋ? ಏಳು ಮೇಲೆ!"

ಗಣಪತಿ ಏಳಲಿಲ್ಲ. ಬೋಳು ತಲೆಯಿಂದ ನೀರು ಹುಬ್ಬಿಗೆ ಇಳಿಯುತ್ತಿತ್ತು. "ಈಗಲೇ ಇಟ್ಟುಬಿಡೋಣ ಅಣ್ಣಾ," ಅಂದ ಮೆಲ್ಲಗೆ. "ಬರೋನು ಬುದ್ಧಿವಂತ. ನನಗೆ ಇಡ್ತಾನೋ ಇಲ್ವೋ."

ದೋಣಿಯೊಂದು ಮಂಜಿನಿಂದ ಮೂತಿ ತೋರಿಸಿ ಮತ್ತೆ ಮಂಜಿಗೇ ಹೋಯಿತು.

"ಹೊತ್ತಾಯ್ತು ಭಟ್ಟರೇ, ಥಿಯೇಟರ್ ರೆಡಿಯಿದೆ," ಡಾಕ್ಟರು ಮೇಲಿನಿಂದ ಕೂಗಿದರು.

ವಾಸುದೇವ ಕುಕ್ಕರಗಾಲಲ್ಲಿ ಕೂತ. ದರ್ಭೆಯ ಮೇಲಿದ್ದ ಪಿಂಡವನ್ನೆತ್ತಿ ತಟ್ಟೆಯ ಹಿಟ್ಟಿಗೇ ಹಾಕಿದ. ಎಲ್ಲಿತ್ತೆಂದು ಯಾರಿಗೂ ಗೊತ್ತಾಗದ ಹಾಗೆ ನಾದತೊಡಗಿದ.